ಗ್ಲೀಸ್ 486 ಬಿ ಗ್ರಹ ಎಷ್ಟು ಬಿಸಿ ಅಂತ ನೀವೇ ಲೆಕ್ಕ ಹಾಕೋದು ಹೇಗೆ

ಕನ್ಯಾ ರಾಶಿ ದಿಕ್ಕಲ್ಲಿ, 26 ಜ್ಯೋತಿರ್ವರ್ಷ ದೂರದಲ್ಲಿ ಗ್ಲೀಸ್ 486 ಅಂತ ಒಂದು ಕೆಂಪು ಕುಬ್ಜ (ಸೂರ್ಯನಿಗಿಂತ ಚಿಕ್ಕ, ತಣ್ಣಗಿನ) ನಕ್ಷತ್ರ ಇದೆ, ಬರಿಗಣ್ಣಿಗೆ ಕಾಣಲ್ಲ. ಅದನ್ನ ಸುತ್ತೋ ಕಲ್ಲಿನ ಗ್ರಹ ಪತ್ತೆಯಾಗಿದ್ದು 2021ರಲ್ಲಿ. ಅದರ ಫೋಟೋ ಯಾರ ಹತ್ರನೂ ಇಲ್ಲ, ಆದ್ರೂ ಸೈಜು, ದೂರ, ಬಿಸಿ ಎಲ್ಲಾ ಗೊತ್ತು. ಹೆಂಗೆ ಅಂತ ತಿಳ್ಕೋಬೇಕಂದ್ರೆ ಒಂದ್ಸಲ ಕೈಯಾರೆ ಲೆಕ್ಕ ಮಾಡ್ಬೇಕು, ವರ್ಗಮೂಲ ಘನಮೂಲ ಇರೋ ಕ್ಯಾಲ್ಕುಲೇಟರ್ ಸಾಕು.

ಮೊದಲು ಸೈಜು. ಗ್ರಹ ನಕ್ಷತ್ರದ ಮುಂದೆ ಹಾದು ಹೋಗುವಾಗ ಬೆಳಕು ಸ್ವಲ್ಪ ಕಮ್ಮಿ ಆಗುತ್ತೆ. ಗ್ರಹ ಹುಡುಕೋ ಟೆಸ್ ಉಪಗ್ರಹದ ಗ್ರಾಫಲ್ಲಿ 1000 ಇದ್ದ ಬೆಳಕು ಸುಮಾರು ಒಂದು ಗಂಟೆ 998.7ಕ್ಕೆ ಇಳಿದು ವಾಪಸ್ ಏರುತ್ತೆ, ಅಷ್ಟೇ ಅಷ್ಟು. ಅಂದ್ರೆ 0.0013 ಭಾಗ ಮುಚ್ಚಿದೆ. ವರ್ಗಮೂಲ ತಗೊಂಡ್ರೆ 0.036. ನಕ್ಷತ್ರದ ತ್ರಿಜ್ಯ ಸೂರ್ಯನ 0.33 ಭಾಗ, ಭೂಮಿ ಲೆಕ್ಕದಲ್ಲಿ 36 ಪಟ್ಟು, ಗುಣಿಸಿ: ಗ್ರಹ ಭೂಮಿಗಿಂತ 1.3 ಪಟ್ಟು ದೊಡ್ಡದು. ತೂಕ ಮಾತ್ರ ಈ ಗ್ರಾಫಿಂದ ಸಿಗಲ್ಲ, ಅದಕ್ಕೆ ನಕ್ಷತ್ರ ಎಷ್ಟು ಓಲಾಡುತ್ತೆ ಅಂತ ಅಳೀಬೇಕು, ಅಳೆದಾಗ ಭೂಮಿಯ 2.8 ಪಟ್ಟು ಬಂತು.

ಆಮೇಲೆ ದೂರ. ಬೆಳಕು 1.467 ದಿನಕ್ಕೊಂದ್ಸಲ ಇಳಿಯುತ್ತೆ, ಅದೇ ಅಲ್ಲಿನ ಒಂದು ವರ್ಷ. ಅದನ್ನ 365.25ರಿಂದ ಭಾಗಿಸಿ, ವರ್ಗ ಮಾಡಿ, ನಕ್ಷತ್ರದ ದ್ರವ್ಯರಾಶಿ (ಸೂರ್ಯನದು 1 ಅಂದ್ರೆ) 0.32ರಿಂದ ಗುಣಿಸಿ, ಘನಮೂಲ ತೆಗೀರಿ. ಭೂಮಿ-ಸೂರ್ಯರ ದೂರದ 0.0173 ಭಾಗ ಬರುತ್ತೆ, ಸುಮಾರು 26 ಲಕ್ಷ ಕಿಲೋಮೀಟರ್. ಇಲ್ಲಿ 0.32ರಿಂದ ಗುಣಿಸೋದು ಮರೆತ್ರೆ ಗ್ರಹ 38 ಲಕ್ಷ ಕಿಲೋಮೀಟರ್ ದೂರ ಹೋಗ್ಬಿಡುತ್ತೆ, ಮುಂದಿನ ಬಿಸಿ ಲೆಕ್ಕದಲ್ಲಿ 120 ಡಿಗ್ರಿ ತಪ್ಪುತ್ತೆ, ಹುಷಾರು.

ಈಗ ಬಿಸಿ, ನನಗೆ ತುಂಬಾ ಇಷ್ಟ ಆಗೋ ಭಾಗ. ನಕ್ಷತ್ರದ ತ್ರಿಜ್ಯ 2.28 ಲಕ್ಷ ಕಿಲೋಮೀಟರನ್ನ ದೂರದ ಎರಡರಷ್ಟರಿಂದ, ಅಂದ್ರೆ 52 ಲಕ್ಷದಿಂದ ಭಾಗಿಸಿ ವರ್ಗಮೂಲ ತಗೊಳ್ಳಿ, ನಕ್ಷತ್ರದ ಬಿಸಿ 3340 ಕೆಲ್ವಿನ್ (ಸೆಲ್ಸಿಯಸ್‌ಗೆ 273 ಸೇರಿಸಿದ ಅಳತೆ) ಜೊತೆ ಗುಣಿಸಿ. 700 ಕೆಲ್ವಿನ್ ಬರುತ್ತೆ. ಇದು ಗಾಳಿ ಇದ್ದು ಶಾಖವನ್ನ ಗ್ರಹದ ಸುತ್ತ ಸಮವಾಗಿ ಹಂಚಿದ್ರೆ ಇರೋ ಬಿಸಿ. ಗಾಳಿನೇ ಇಲ್ಲ, ಕಪ್ಪು ಬಂಡೆ ಮಾತ್ರ, ಬಿಸಿಲು ಬಿದ್ದ ಕಡೆನೇ ಕಾಯುತ್ತೆ ಅಂದ್ರೆ 1.28ರಿಂದ ಗುಣಿಸಿ, ಹಗಲಿನ ಮುಖ 895 ಕೆಲ್ವಿನ್ ಆಗ್ಬೇಕು. ಈ ಎರಡು ಸಂಖ್ಯೆನೂ ಬರೆದಿಟ್ಕೊಳ್ಳಿ, ಯಾಕಂದ್ರೆ ಗ್ರಹಕ್ಕೆ ಗಾಳಿ ಇದ್ಯಾ ಇಲ್ವಾ ಅನ್ನೋದು ಇವುಗಳ ಮಧ್ಯೆನೇ ಇದೆ.

ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ಅದರ ಸ್ವಂತ ಶಾಖದ ಬೆಳಕು ಒಟ್ಟು ಲೆಕ್ಕದಿಂದ ಕಳೆದು ಹೋಗುತ್ತೆ, ಆ ಕೊರತೆಯನ್ನ ಜೇಮ್ಸ್ ವೆಬ್ ದೂರದರ್ಶಕ ಅಳೀತು. ಬಂದಿದ್ದು 865 ಕೆಲ್ವಿನ್, ಅಂದ್ರೆ 590 ಡಿಗ್ರಿ ಸೆಲ್ಸಿಯಸ್, ಸೀಸ ಕರಗಿ ಹರಿಯೋ ಬಿಸಿ. 700ರ ಹತ್ರ ಅಲ್ಲ, 895ರ ಹತ್ರ ಇದೆ ನೋಡಿ, ಹಂಗಾಗಿ ದಟ್ಟ ವಾತಾವರಣ ಇರೋ ಸಾಧ್ಯತೆ ತೀರಾ ಕಮ್ಮಿ.

ಇನ್ನೊಂದು ಗ್ರಹದ ಮೇಲೂ ಕೈ ಪಳಗಿಸ್ಕೊಳ್ಳಿ. ಎಲ್‌ಎಚ್‌ಎಸ್ 3844 ಬಿ: ವರ್ಷ 0.463 ದಿನ, ನಕ್ಷತ್ರದ ದ್ರವ್ಯರಾಶಿ ಸೂರ್ಯನ 0.15, ತ್ರಿಜ್ಯ 0.19, ಬಿಸಿ 3036 ಕೆಲ್ವಿನ್. ಸ್ಪಿಟ್ಜರ್ ದೂರದರ್ಶಕ ಇದರ ಹಗಲಿನ ಮುಖಕ್ಕೆ ಅಳೆದಿದ್ದು ಸುಮಾರು 1040 ಕೆಲ್ವಿನ್, ನಿಮ್ಮ ಎರಡು ಸಂಖ್ಯೆಯಲ್ಲಿ ಯಾವುದಕ್ಕೆ ಹತ್ರ ಬರುತ್ತೆ ನೋಡಿ.