ಮನೆಯ ರಿಸೀವರ್‌ಗೆ ಭಜನೆ ಮೈಕ್ ಹಾಕಿದ ಅನುಭವ

ರಾಯಚೂರಿನ ನಮ್ಮ ಮನೆಯಲ್ಲಿ ಗುರುವಾರ ಸಂಜೆ ಅಮ್ಮನ ಭಜನಾ ಮಂಡಳಿ ಸೇರುತ್ತದೆ. "ಅಷ್ಟು ದೊಡ್ಡ ಸ್ಪೀಕರ್ ಬರೀ ಸಿನಿಮಾಕ್ಕೇನು? ಅದಕ್ಕ ಒಂದು ಮೈಕ್ ಹಾಕಿಕೊಡಪಾ" ಅಂದರು ಅಮ್ಮ.

ನಮ್ಮ ಎವಿ ರಿಸೀವರ್‌ನ (ಟಿವಿ, ಸಿನಿಮಾದ ಸದ್ದನ್ನು ಹಿಗ್ಗಿಸಿ ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ) ಮುಂಭಾಗದಲ್ಲೇ 'ಸೆಟಪ್ ಮೈಕ್' ಅಂತ ಒಂದು ಜಾಕ್ ಇದೆ. ಅದು ಹಾಡೋದಕ್ಕಲ್ಲ. ಸ್ಪೀಕರ್‌ಗಳ ದೂರ, ಸದ್ದು ಅಳೆಯಲು ರಿಸೀವರ್ ಜೊತೆ ಕೊಡುವ ಪುಟ್ಟ ಮೈಕ್‌ಗೆ ಮಾತ್ರ. ಫೋನೋ ಇನ್‌ಪುಟ್‌ಗೆ ಹಾಕಿ ಅಂತ ಕೆಲವರು ಹೇಳ್ತಾರೆ. ಅದು ಗ್ರಾಮಫೋನ್ ರೆಕಾರ್ಡಿಗೆ ಬೇಕಾದಂತೆ ಬಾಸ್ ಏರಿಸಿ ಟ್ರೆಬಲ್ ಇಳಿಸುತ್ತದೆ. ಹಾಡಿನ ಮಾತೇ ಸ್ಪಷ್ಟವಾಗಿ ಕೇಳಲ್ಲ.

ಉಳಿದದ್ದು ಆಕ್ಸ್, ಅಂದರೆ ಹೊರಗಿನ ಸಾಧನದ ಸದ್ದು ಕೊಡುವ ಸಾದಾ ಇನ್‌ಪುಟ್. ಸಾದಾ ಡೈನಮಿಕ್ ಮೈಕ್‌ನಿಂದ ಬರೋದು ಕೆಲವೇ ಮಿಲಿವೋಲ್ಟ್. ಆಕ್ಸ್‌ಗೆ ಸುಮಾರು 200 ಮಿಲಿವೋಲ್ಟ್ ಆದರೂ ಬೇಕು. ಹಾಗಾಗಿ ನಡುವೆ ಮೈಕ್‌ನ ಸದ್ದು ಹಿಗ್ಗಿಸುವ ಒಂದು ಚಿಕ್ಕ ಆಡಿಯೋ ಮಿಕ್ಸರ್ ಇಟ್ಟೆ. ಮೈಕ್‌ನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಮಿಕ್ಸರ್‌ಗೆ, ಮಿಕ್ಸರ್‌ನ ಟೇಪ್ ಔಟ್‌ನಿಂದ ಕೆಂಪು-ಬಿಳಿ ಆರ್‌ಸಿಎ ವೈರ್ ಆಕ್ಸ್‌ಗೆ. ಟೇಪ್ ಔಟ್ ಇಲ್ಲದಿದ್ದರೆ ಮೇನ್ ಔಟ್‌ನಿಂದ, ಒಂದು ತುದಿಗೆ ಪಿ-38 (6.35 ಮಿ.ಮೀ.ನ ದಪ್ಪ ಪಿನ್), ಇನ್ನೊಂದು ತುದಿಗೆ ಆರ್‌ಸಿಎ ಇರುವ ವೈರ್ ಸಾಕು. ದನಿಯನ್ನು ಎಡ-ಬಲಕ್ಕೆ ಹಂಚುವ ಪ್ಯಾನ್ ಗುಂಡಿ ನಡುವೆ ಇರಲಿ, ಇಲ್ಲಾಂದ್ರೆ ಒಂದೇ ಸ್ಪೀಕರ್ ಹಾಡುತ್ತದೆ.

ವಾಲ್ಯೂಮ್ ಪೂರ್ತಿ ಇಳಿಸಿಕೊಂಡು, ಮಂಡಳಿಯಲ್ಲಿ ಜೋರು ದನಿಯ ಅತ್ತೆಯನ್ನೇ ಹಾಡಿಸಿದೆ. ಸದ್ದು ಮಿತಿ ಮೀರಿತು ಅಂತ ಮಿಕ್ಸರ್‌ನ ಕೆಂಪು ದೀಪ ಮಿನುಗಿತು. ಅದು ಆರುವವರೆಗೆ ಗೇನ್ (ಮೈಕ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನೋ ಗುಂಡಿ) ಇಳಿಸಿದೆ. ರಿಸೀವರ್ ವಾಲ್ಯೂಮ್ ಏರಿಸಿದ್ದು ಆಮೇಲೆ, ನಿಧಾನಕ್ಕೆ.

ದನಿ ಬಂತು, ಆದರೆ ಒಂದು ಚೂರು ತಡವಾಗಿ. "ನಾ ತಾಳ ಹಾಕೋದೊಂದು, ಅದು ಹಾಡೋದೊಂದು" ಅಂದರು ಅತ್ತೆ. ಸರೌಂಡ್ ಮೋಡ್‌ನಲ್ಲಿ ರಿಸೀವರ್ ಲೆಕ್ಕಾಚಾರಕ್ಕೆ ಸಮಯ ತಗೊಳ್ಳುತ್ತದೆ. ಆ ಲೆಕ್ಕಾಚಾರ ಬಿಡಿಸುವ 'ಡೈರೆಕ್ಟ್' ಒತ್ತಿದ ಮೇಲೆ ಸರಿಹೋಯಿತು. ಬ್ಲೂಟೂತ್ ಮೈಕ್ ಬೇಡ ಅನ್ನೋದಕ್ಕೂ ಈ ತಡವೇ ಕಾರಣ.

ಫ್ಯಾನ್ ಆರಿಸಿ ಭಜನೆ ಮಾಡೋದು ನಮ್ಮೂರಿನ ಬೇಸಿಗೆಯಲ್ಲಿ ಸಾಧ್ಯವೇ ಇಲ್ಲ, ಅಲ್ವಾ? ಗಾಳಿ ಮೈಕ್‌ಗೆ ಬಡಿದು ಗುಡುಗುಡು ಅಂತಿತ್ತು. ತೀರಾ ತಗ್ಗಿನ ಸದ್ದನ್ನು ಕತ್ತರಿಸುವ, ಮಿಕ್ಸರ್‌ನ ಲೋ ಕಟ್ ಒತ್ತಿದೆ, ಮೈಕ್‌ಗೆ ಸ್ಪಾಂಜ್ ಟೋಪಿ ಹಾಕಿದೆ. ಕುಂಯ್ ಅನ್ನೋ ಕೂಗು ನಿಲ್ಲಿಸಲು ಹಾಡುವವರನ್ನು ಸ್ಪೀಕರ್‌ಗಳ ಹಿಂದಕ್ಕೆ ಕೂರಿಸಿದೆ. ಮಿಕ್ಸರ್, ರಿಸೀವರ್ ಎರಡಕ್ಕೂ ಒಂದೇ ಪ್ಲಗ್ ಬೋರ್ಡ್ ಕೊಟ್ಟಿದ್ದರಿಂದ ಗುಂಯ್‌ಗುಡುವ ಸದ್ದೂ ಇಲ್ಲ.

ಆನ್ ಮಾಡುವಾಗ ಮೊದಲು ಮಿಕ್ಸರ್, ಆಫ್ ಮಾಡುವಾಗ ಮೊದಲು ರಿಸೀವರ್. ಇಲ್ಲದಿದ್ದರೆ ಸ್ಪೀಕರ್ ಢಬ್ ಅನ್ನುತ್ತದೆ. ಕರೆಂಟ್ ಹೋದಾಗಲೂ ಎದ್ದು ವಾಲ್ಯೂಮ್ ಇಳಿಸಿಬಿಡ್ತೀನಿ.