‘ಹಾರ್ಡ್ ಟು ಪುಟ್ ಅಪ್ ವಿತ್’: ಗುಣವಾಚಕದ ಬೆನ್ನಿಗೆ ಬರುವ ಫ್ರೇಸಲ್ ವರ್ಬ್‌ಗಳನ್ನು ನಾನು ಪಳಗಿಸಿಕೊಂಡ ಬಗೆ

ಫ್ರೇಸಲ್ ವರ್ಬ್‌ಗಳ (‘ಗಿವ್ ಅಪ್’ ಥರ, ಕ್ರಿಯಾಪದಕ್ಕೆ ‘ಅಪ್’, ‘ಔಟ್’ನಂಥ ಚಿಕ್ಕ ಪದ ಸೇರಿ ಒಂದೇ ಅರ್ಥ ಕೊಡುವ ಇಂಗ್ಲಿಷ್ ಪದಗುಚ್ಛಗಳ) ಪಟ್ಟಿ ಉರು ಹೊಡೆದರೆ ಅರ್ಥ ಬಾಯಿಗೆ ಬರುತ್ತದೆ, ವಾಕ್ಯ ಬರುವುದಿಲ್ಲ. ಅದರಲ್ಲೂ ‘ರೆಡಿ’, ‘ಹಾರ್ಡ್’, ‘ಲೈಕ್ಲಿ’ ಇಂಥ ಗುಣವಾಚಕ ಮುಂದೆ ನಿಂತು, ‘ಟು’ ಸೇರಿ, ಆಮೇಲೆ ಫ್ರೇಸಲ್ ವರ್ಬ್ ಬಂದಾಗ ತಪ್ಪುಗಳು ಸಾಲುಗಟ್ಟುತ್ತವೆ. ನಾನು ಪಟ್ಟಿಯನ್ನು ಬದಿಗಿಟ್ಟು ಒಂದೇ ಪ್ರಶ್ನೆಯಿಂದ ಹೊರಟೆ: ವಾಕ್ಯದ ಮೊದಲಲ್ಲಿ ಕೂತಿರುವ ಹೆಸರು ಆ ಕೆಲಸ ಮಾಡುತ್ತದೆಯೋ, ಅಥವಾ ಕೆಲಸ ಅದರ ಮೇಲೆ ನಡೆಯುತ್ತದೆಯೋ?

‘ಶಿ ಈಸ್ ಈಗರ್ ಟು ಫೈಂಡ್ ಔಟ್’ ಎಂದಾಗ ಪತ್ತೆಹಚ್ಚುವವಳು ಅವಳೇ. ‘ದಿ ಟ್ರೂತ್ ಈಸ್ ಹಾರ್ಡ್ ಟು ಫೈಂಡ್ ಔಟ್’ ಎಂದಾಗ ಸತ್ಯ ಏನನ್ನೂ ಪತ್ತೆಹಚ್ಚುವುದಿಲ್ಲ, ಅದನ್ನು ಬೇರೆಯವರು ಪತ್ತೆಹಚ್ಚಬೇಕು. ಮೇಲ್ನೋಟಕ್ಕೆ ಎರಡೂ ಒಂದೇ ಅಚ್ಚಿನವು. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1960ರ ದಶಕದಲ್ಲಿ ‘ಈಸಿ ಟು ಪ್ಲೀಸ್’, ‘ಈಗರ್ ಟು ಪ್ಲೀಸ್’ ಜೋಡಿಯನ್ನು ಚರ್ಚೆಗೆ ತಂದದ್ದು ಈ ಒಳಗಿನ ವ್ಯತ್ಯಾಸವನ್ನು ತೋರಿಸಲಿಕ್ಕೇ. ಕಲಿಯುವವರಿಗೆ ಸಿದ್ಧಾಂತ ಬೇಕಿಲ್ಲ, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಸಾಕು. ಎಡಕ್ಕೆ ಮಾಡುವವರ ಗುಂಪು: ಈಗರ್, ವಿಲ್ಲಿಂಗ್, ಹ್ಯಾಪಿ, ರಿಲಕ್ಟಂಟ್. ಬಲಕ್ಕೆ ಮಾಡಿಸಿಕೊಳ್ಳುವವರ ಗುಂಪು: ಈಸಿ, ಹಾರ್ಡ್, ಡಿಫಿಕಲ್ಟ್, ಟಫ್, ಇಂಪಾಸಿಬಲ್.

ತಲೆನೋವೆಲ್ಲ ಬಲಗಡೆಯದು. ಅಲ್ಲಿನ ವಾಕ್ಯವನ್ನು ನಾನು ನೇರವಾಗಿ ಕಟ್ಟುತ್ತಿರಲಿಲ್ಲ. ಮೊದಲು ‘ಇಟ್ ಈಸ್ ಹಾರ್ಡ್ ಟು ಡೀಲ್ ವಿತ್ ದಿಸ್ ಪ್ರಾಬ್ಲಮ್’ ಎಂದು ಬರೆಯುವುದು. ಆಮೇಲೆ ಕೊನೆಯ ‘ದಿಸ್ ಪ್ರಾಬ್ಲಮ್’ ಕಿತ್ತು ‘ಇಟ್’ ಇದ್ದ ಜಾಗದಲ್ಲಿ ಕೂರಿಸುವುದು. ಉಳಿದದ್ದನ್ನು ಮುಟ್ಟಬಾರದು. ‘ದಿಸ್ ಪ್ರಾಬ್ಲಮ್ ಈಸ್ ಹಾರ್ಡ್ ಟು ಡೀಲ್ ವಿತ್’ ಸಿದ್ಧ. ಕೊನೆ ಖಾಲಿ ಖಾಲಿ ಅನ್ನಿಸುತ್ತದೆ, ಅನ್ನಿಸಲೇಬೇಕು. ಆ ಖಾಲಿ ಜಾಗ ತುಂಬಲು ‘ಹಾರ್ಡ್ ಟು ಡೀಲ್ ವಿತ್ ಇಟ್’ ಎಂದರೆ ಒಂದೇ ವಸ್ತುವನ್ನು ಎರಡು ಸಲ ಹೇಳಿದಂತೆ.

ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ‘ವಿತ್’ ನುಂಗಿಬಿಡುವುದು: ‘ಹಿ ಈಸ್ ಹಾರ್ಡ್ ಟು ಗೆಟ್ ಅಲಾಂಗ್’. ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಅವನ ಜೊತೆ ಹೊಂದಿಕೊಂಡು ಹೋಗೋದು ಕಷ್ಟ’ ಎನ್ನುವಾಗ ‘ಜೊತೆ’ ಹೆಸರಿಗೆ ಅಂಟಿಕೊಂಡಿರುತ್ತದೆ, ಹೆಸರು ಎಲ್ಲಿಗೆ ಹೋದರೂ ಹಿಂದೆಯೇ ಹೋಗುತ್ತದೆ. ಇಂಗ್ಲಿಷಿನ ಈ ರಚನೆಯಲ್ಲಿ ಹೆಸರು ಮುಂದಕ್ಕೆ ಹೋಗುತ್ತದೆ, ‘ವಿತ್’ ಮಾತ್ರ ಕ್ರಿಯಾಪದದ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಮೂರು ಪದದವನ್ನು ನಾನು ಯಾವತ್ತೂ ಮೂರೂ ಸೇರಿಸಿಯೇ ಬರೆದಿಟ್ಟುಕೊಳ್ಳುತ್ತೇನೆ: ಪುಟ್ ಅಪ್ ವಿತ್, ಲಿವ್ ಅಪ್ ಟು, ಗೆಟ್ ಅಲಾಂಗ್ ವಿತ್.

ಇನ್ನೊಂದು ಅಡಚಣೆ: ಬಲಗಡೆಯ ಗುಂಪಿಗೆ ಕರ್ಮ ತೆಗೆದುಕೊಳ್ಳುವ ಕ್ರಿಯಾಪದವೇ ಬೇಕು. ಕೆಟ್ಟುನಿಲ್ಲು ಎಂಬರ್ಥದ ‘ಬ್ರೇಕ್ ಡೌನ್’ಗೆ ಕರ್ಮವಿಲ್ಲ, ಆದ್ದರಿಂದ ‘ದಿ ಕಾರ್ ಈಸ್ ಈಸಿ ಟು ಬ್ರೇಕ್ ಡೌನ್’ ನಿಲ್ಲುವುದಿಲ್ಲ. ‘ದಿ ಕಾರ್ ಈಸ್ ಲೈಕ್ಲಿ ಟು ಬ್ರೇಕ್ ಡೌನ್’ ಎನ್ನಬೇಕು. ‘ಐ ಆಮ್ ಡಿಫಿಕಲ್ಟ್ ಟು ಗೆಟ್ ಅಪ್ ಅರ್ಲಿ’ ಕೂಡ ಇದೇ ಜಾತಿಯದು. ಸರಿಯಾದದ್ದು ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಗೆಟ್ ಅಪ್ ಅರ್ಲಿ’. ನಮ್ಮ ‘ನನಗೆ’ ಇಲ್ಲಿ ‘ಫಾರ್ ಮಿ’ ಆಗುತ್ತದೆ, ‘ಐ’ ಆಗುವುದಿಲ್ಲ. ‘ಇಂಪಾಸಿಬಲ್’ ಬಲಗಡೆ ಸಲೀಸಾಗಿ ಕೂರುತ್ತದೆ, ‘ಪಾಸಿಬಲ್’ ಕೂರುವುದಿಲ್ಲ: ‘ದಿ ಪ್ಲಾನ್ ಈಸ್ ಇಂಪಾಸಿಬಲ್ ಟು ಕ್ಯಾರಿ ಔಟ್’ ಸರಿ, ‘ಪಾಸಿಬಲ್’ಗೆ ‘ಇಟ್ ಈಸ್ ಪಾಸಿಬಲ್ ಟು ಕ್ಯಾರಿ ಔಟ್ ದಿ ಪ್ಲಾನ್’ ಎಂದೇ ಹೇಳಬೇಕು. ಇದಕ್ಕೆ ತರ್ಕ ಹುಡುಕುತ್ತ ಕೂರಬೇಡಿ, ರೂಢಿಯೆಂದು ಒಪ್ಪಿಕೊಳ್ಳಿ.

ಎಡಗಡೆ ಕರ್ಮ ಉಳಿಯುತ್ತದೆ, ಅಲ್ಲಿ ನೋಡಬೇಕಾದ್ದು ಅದರ ಜಾಗ. ‘ಐ ಆಮ್ ರೆಡಿ ಟು ಗಿವ್ ಇಟ್ ಅಪ್’ ಎನ್ನಬೇಕು, ‘ಗಿವ್ ಅಪ್ ಇಟ್’ ಅಲ್ಲ. ಬಿಡಿಸಬಹುದಾದ ಫ್ರೇಸಲ್ ವರ್ಬ್‌ನಲ್ಲಿ ಸರ್ವನಾಮ ನಡುವೆಯೇ ಬರಬೇಕು. ‘ಲುಕ್ ಆಫ್ಟರ್’ ಬಿಡಿಸಲಾಗದ್ದು: ‘ಹ್ಯಾಪಿ ಟು ಲುಕ್ ಆಫ್ಟರ್ ಇಟ್’.

‘ರೆಡಿ’, ‘ಟೂ’, ‘ಇನಫ್’ ಎರಡೂ ಕಡೆ ಓಡಾಡುತ್ತವೆ. ‘ವಿ ಆರ್ ರೆಡಿ ಟು ಸೆಟ್ ಆಫ್’ನಲ್ಲಿ ಹೊರಡುವವರು ನಾವು; ‘ದಿ ಪಾರ್ಸೆಲ್ ಈಸ್ ರೆಡಿ ಟು ಸೆಂಡ್ ಆಫ್’ನಲ್ಲಿ ಕಳಿಸುವವರು ಬೇರೆ. ‘ಟೂ ಟಯರ್ಡ್ ಟು ಗೆಟ್ ಅಪ್’, ‘ಟೂ ಹೆವಿ ಟು ಪಿಕ್ ಅಪ್’ ಕೂಡ ಹೀಗೆಯೇ ಬೇರೆಯಾಗುತ್ತವೆ. ‘ಟೂ’ ಗುಣವಾಚಕದ ಮುಂದೆ, ‘ಇನಫ್’ ಹಿಂದೆ: ‘ಲೈಟ್ ಇನಫ್ ಟು ಪಿಕ್ ಅಪ್’.

ಸ್ವಭಾವ ಹೊಗಳುವ, ತೆಗಳುವ ಗುಣವಾಚಕಕ್ಕೆ ‘ಫಾರ್’ ಬದಲು ‘ಆಫ್’ (of): ‘ಇಟ್ ವಾಸ್ ಕೈಂಡ್ ಆಫ್ ಯು ಟು ಡ್ರಾಪ್ ಬೈ’.

‘ಟು’ ಕಂಡಲ್ಲೆಲ್ಲ ಇನ್ಫಿನಿಟಿವ್ (‘ಟು’ ಮತ್ತು ಕ್ರಿಯಾಪದದ ಮೂಲರೂಪ) ಅಲ್ಲ ಎಂಬುದು ನೆನಪಿರಲಿ. ರೂಢಿಯಾಗಿದೆ ಎಂಬರ್ಥದ ‘ಯೂಸ್ಡ್ ಟು’ ಬಳಿಕ ‘ಇಂಗ್’ ರೂಪ: ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’. ‘ವರ್ತ್’, ‘ಬ್ಯುಸಿ’ ಇವಕ್ಕೆ ‘ಟು’ ಬೇಡವೇ ಬೇಡ: ‘ವರ್ತ್ ಫೈಂಡಿಂಗ್ ಔಟ್’, ‘ಬ್ಯುಸಿ ಸಾರ್ಟಿಂಗ್ ಔಟ್ ದಿ ಫೈಲ್ಸ್’. ‘ಬೌಂಡ್ ಟು ರನ್ ಔಟ್’ ಎಂದರೆ ಮುಗಿದೇ ಹೋಗುತ್ತದೆ ಎಂಬ ಖಾತ್ರಿ. ಅಲ್ಲಿ ‘ಬೌಂಡ್’ಗೆ ಕಟ್ಟುಪಾಡಿನ ಅರ್ಥವಿಲ್ಲ. ‘ಹಾರ್ಡ್ ಟು ಕಮ್ ಬೈ’ ಸಿಗುವುದು ದುರ್ಲಭ ಎನ್ನುವ ಇಡೀ ನುಡಿಗಟ್ಟು, ಅದನ್ನು ಬಿಡಿಸಲು ಹೋಗದೆ ಹಾಗೇ ಕಲಿತದ್ದೇ ಅನುಕೂಲವಾಯಿತು.

ಅಭ್ಯಾಸಕ್ಕೆ ಒಂದು ಫ್ರೇಸಲ್ ವರ್ಬ್ ಆರಿಸಿ, ಅದನ್ನು ಎರಡೂ ಕಾಲಂನ ಗುಣವಾಚಕಗಳ ಜೊತೆ ಕೂರಿಸಿ ನೋಡುತ್ತೇನೆ. ‘ಪುಟ್ ಆಫ್’ ತೆಗೆದುಕೊಂಡರೆ ‘ವಿಲ್ಲಿಂಗ್ ಟು ಪುಟ್ ಇಟ್ ಆಫ್’, ‘ದಿ ಮೀಟಿಂಗ್ ಈಸ್ ಈಸಿ ಟು ಪುಟ್ ಆಫ್’. ಎಡಕ್ಕೆ ‘ಇಟ್’ ಇದೆ, ಬಲಕ್ಕೆ ಇಲ್ಲ. ಎಲ್ಲಾದರೂ ಅದಲುಬದಲಾದರೆ ಕಣ್ಣಿಗೆ ಬೀಳುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದುವಾಗ ಒತ್ತು ‘ಪುಟ್’ಗಿಂತ ‘ಆಫ್’ ಮೇಲೆ ಬೀಳಬೇಕು. ಇನ್ಫಿನಿಟಿವ್‌ನ ‘ಟು’ ವೇಗದ ಮಾತಿನಲ್ಲಿ ಸವೆದು ‘ಟ’ ಎಂದಷ್ಟೇ ಕೇಳುತ್ತದೆ, ಆದರೆ ‘ಹಾರ್ಡ್ ಟು ಲಿವ್ ಅಪ್ ಟು’ನ ಕೊನೆಯ ‘ಟು’ ಪೂರ್ತಿ ‘ಟೂ’ ಆಗಿಯೇ ಉಳಿಯುತ್ತದೆ.