ಒಂದು ಫ್ಲ್ಯಾಶ್, ಒಂದು ದೊಡ್ಡ ಅಂಬ್ರೆಲಾ: ಮನೆಯವರ ಫೋಟೋಗೆ ನಾನು ಲೈಟು ಆಯ್ಕೆ ಮಾಡಿದ ಬಗೆ

ಮನೆಯಲ್ಲೇ ಎಲ್ಲರನ್ನೂ ಕೂರಿಸಿ ಒಳ್ಳೆಯ ಫೋಟೋ ತೆಗೆಯಬೇಕು ಅಂತ ಹೊರಟವರಿಗೆ ಮೊದಲು ಕಣ್ಣಿಗೆ ಬೀಳುವುದು ಎರಡು ಲೈಟಿನ ಕಿಟ್, ಮೂರು ಲೈಟಿನ ಕಿಟ್. ನಾನೂ ಅವನ್ನೆಲ್ಲ ನೋಡಿದೆ. ಕೊನೆಗೆ ಕೊಂಡಿದ್ದು ಒಂದು ಫ್ಲ್ಯಾಶ್, ಒಂದು ದೊಡ್ಡ ಬಿಳಿ ಅಂಬ್ರೆಲಾ (ಫ್ಲ್ಯಾಶಿನ ಬೆಳಕನ್ನು ಅಗಲವಾಗಿ ಹರಡುವ ಛತ್ರಿ), ಒಂದು ಗಟ್ಟಿ ಸ್ಟ್ಯಾಂಡ್ ಮತ್ತು ಕ್ಯಾಮೆರಾದಿಂದ ತಂತಿ ಇಲ್ಲದೆ ಫ್ಲ್ಯಾಶ್ ಬೆಳಗಿಸುವ ರೇಡಿಯೋ ಟ್ರಿಗರ್. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಲೈಟಿನ ಸಂಖ್ಯೆಗಿಂತ ಬೆಳಕಿನ ಗಾತ್ರಕ್ಕೆ ಖರ್ಚು ಮಾಡಬೇಕು. ಇಷ್ಟು ದಿನ ಬಳಸಿದ ಮೇಲೂ ನನ್ನ ಅಭಿಪ್ರಾಯ ಅದೇ.

ಮುಖದ ಮೇಲೆ ಬೀಳುವ ನೆರಳು ಚೂಪಾಗಿರುತ್ತದೋ ಮೆತ್ತಗಿರುತ್ತದೋ ಅನ್ನುವುದಕ್ಕೂ ಲೈಟಿನ ಬೆಲೆಗೂ ಸಂಬಂಧವಿಲ್ಲ. ಕೂತವರ ಜಾಗದಿಂದ ನೋಡಿದರೆ ಬೆಳಕು ಎಷ್ಟು ಅಗಲ ಕಾಣುತ್ತದೆ ಅನ್ನುವುದೇ ಮುಖ್ಯ. ಸೂರ್ಯ ದೊಡ್ಡವನಾದರೂ ದೂರದಲ್ಲಿರುವುದರಿಂದ ನಮಗೆ ಚಿಕ್ಕದಾಗಿ ಕಾಣುತ್ತಾನೆ, ಅದಕ್ಕೇ ಬಿಸಿಲಿನ ನೆರಳು ಅಷ್ಟು ಚೂಪು. ಮೋಡ ಕವಿದರೆ ಇಡೀ ಆಕಾಶವೇ ಲೈಟಾಗುತ್ತದೆ, ನೆರಳು ಕರಗುತ್ತದೆ. ಕೋಣೆಯೊಳಗೂ ಇದೇ ನಿಯಮ. ಚಿಕ್ಕ ಸಾಫ್ಟ್‌ಬಾಕ್ಸಿನ (ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ) ಎರಡು ಲೈಟು ಹಚ್ಚಿದರೆ ಮೂಗಿನ ಎರಡೂ ಪಕ್ಕ ಎರಡು ಗಡುಸು ನೆರಳು ಬೀಳುತ್ತವೆ. 60 ಇಂಚಿನ, ಅಂದರೆ ಸುಮಾರು ಒಂದೂವರೆ ಮೀಟರ್ ಅಗಲದ, ಒಂದೇ ಅಂಬ್ರೆಲಾದಲ್ಲಿ ಆ ತೊಂದರೆ ಇಲ್ಲ.

ಫ್ಲ್ಯಾಶ್ ಯಾಕೆ, ಎಲ್‌ಇಡಿ ಯಾಕಲ್ಲ? ಎಲ್‌ಇಡಿಯಲ್ಲಿ ಬೆಳಕು ಹೇಗೆ ಬೀಳುತ್ತಿದೆ ಅಂತ ಮೊದಲೇ ಕಣ್ಣಿಗೆ ಕಾಣುತ್ತದೆ, ಕಲಿಯುವವರಿಗೆ ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಇಡೀ ಮನೆಯವರು ಎರಡು ಸಾಲಿನಲ್ಲಿ ಇದ್ದರೆ ಎಲ್ಲರ ಮುಖವೂ ಫೋಕಸ್‌ನಲ್ಲಿ ಇರಬೇಕಲ್ವಾ? ಅದಕ್ಕೆ ಲೆನ್ಸಿನ ಕಿಂಡಿಯನ್ನು ಎಫ್/5.6 ಅಥವಾ ಎಫ್/8ಕ್ಕೆ ಕಿರಿದು ಮಾಡಬೇಕು, ಆಗ ಒಳಗೆ ಬರುವ ಬೆಳಕೂ ಕಡಿಮೆ. ಕಡಿಮೆ ಬೆಲೆಯ ಎಲ್‌ಇಡಿಯನ್ನು ಬಟ್ಟೆಯ ಹಿಂದಿಟ್ಟು ಮೂರು ಮೀಟರ್ ದೂರದಲ್ಲಿ ನಿಲ್ಲಿಸಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಸಾವಿರದ ಮೇಲೆ ಏರುತ್ತಾ ಹೋಗುತ್ತದೆ, ಶಟರ್ ನಿಧಾನವಾಗುತ್ತದೆ. ಮಗು ಅಷ್ಟರಲ್ಲಿ ತಲೆ ತಿರುಗಿಸಿರುತ್ತದೆ. ಫ್ಲ್ಯಾಶ್ ಅರ್ಧ ಪವರ್‌ನಲ್ಲಿ ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಮಗು ಕುಣಿಯುತ್ತಿದ್ದರೂ ಚಿತ್ರ ಸ್ಪಷ್ಟ. ಜೋರು ಬೆಳಕಿಗೆ ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಕೂರುವ ಕಷ್ಟವೂ ಇಲ್ಲ. ಫೋನಿನಲ್ಲೇ ತೆಗೆಯುವವರ ಲೆಕ್ಕ ಬೇರೆ. ಫೋನಿನ ಜೊತೆ ಇಂಥ ಫ್ಲ್ಯಾಶ್ ಸಾಮಾನ್ಯವಾಗಿ ಹೊಂದುವುದಿಲ್ಲ, ಅವರು ಎಲ್‌ಇಡಿಗೇ ಹೋಗಲಿ. ಆಗ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕಿ) 95ರ ಮೇಲಿರುವುದನ್ನೇ ನೋಡಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಚರ್ಮದ ಬಣ್ಣ ಕಳೆಗುಂದುತ್ತದೆ.

ಫ್ಲ್ಯಾಶ್ ಡಬ್ಬಿಯ ಮೇಲೆ ಅದರ ಬೆಳಕಿನ ಜೋರು ತಿಳಿಸುವ ಗೈಡ್ ನಂಬರ್ 60 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಹೆಚ್ಚಾಗಿ ಫ್ಲ್ಯಾಶಿನ ತಲೆಯನ್ನು 200 ಎಂಎಂಗೆ ಜೂಮ್ ಮಾಡಿ, ಬೆಳಕನ್ನೆಲ್ಲ ಒಂದೇ ಕಡೆ ಸೇರಿಸಿ ಅಳೆದ ಅಂಕಿ. ಅಂಬ್ರೆಲಾ ಪೂರ್ತಿ ತುಂಬಬೇಕಾದರೆ ಜೂಮನ್ನು 24 ಅಥವಾ 35 ಎಂಎಂಗೆ ಇಳಿಸಬೇಕು, ಆಗ ಉಳಿಯುವುದು ಅದರ ಅರ್ಧದಷ್ಟು ಅಂಕಿ. ಹಾಗಾಗಿ ನಾನು ಆ ದೊಡ್ಡ ಸಂಖ್ಯೆಗೆ ಬೆಲೆ ಕೊಡಲಿಲ್ಲ. ಪವರನ್ನು ಕ್ಯಾಮೆರಾವೇ ಲೆಕ್ಕ ಹಾಕುವ ಟಿಟಿಎಲ್ ಸೌಲಭ್ಯವನ್ನೂ ಬಿಟ್ಟೆ. ಕೂತವರು ಕೂತಲ್ಲೇ, ಲೈಟು ನಿಂತಲ್ಲೇ ಇರುವಾಗ ಪವರ್ ಒಮ್ಮೆ ಕೈಯಾರೆ ಇಟ್ಟರೆ ಸಾಕು. ಮ್ಯಾನುಯಲ್ ಫ್ಲ್ಯಾಶ್ ಬೆಲೆಯಲ್ಲಿ ಎಷ್ಟೋ ಕಡಿಮೆ.

ಅಂಬ್ರೆಲಾ ಆರಿಸುವಾಗ ಹಿಂದಿನ ಕಪ್ಪು ಹೊದಿಕೆ ಬಿಚ್ಚಲು ಬರುವಂಥದ್ದನ್ನು ಹುಡುಕಿದೆ. ಹೊದಿಕೆ ತೆಗೆದರೆ ಬೆಳಕು ಬಟ್ಟೆಯ ಮೂಲಕ ಹಾದು ಕೋಣೆಯೆಲ್ಲ ಹರಡುತ್ತದೆ. ಬಿಳಿ ಗೋಡೆ, ಬಿಳಿ ಚಾವಣಿ ಇದ್ದರೆ ಅವೇ ಬಿಟ್ಟಿ ಲೈಟಾಗಿ ನೆರಳನ್ನು ತುಂಬಿಕೊಡುತ್ತವೆ. ನಮ್ಮ ಹಾಲಿನ ಒಂದು ಗೋಡೆ ತಿಳಿಹಸಿರು. ಆ ಕಡೆ ಕೂತವರ ಕೆನ್ನೆಗೆ ಹಸಿರು ಛಾಯೆ ಬರುತ್ತದೆ. ಹಾಗಾಗಿ ಅಲ್ಲಿ ಬಿಳಿ ಬೆಡ್‌ಶೀಟ್ ಇಳಿಬಿಡುತ್ತೇನೆ, ಹೊದಿಕೆಯನ್ನೂ ಹಾಕಿಯೇ ಬಳಸುತ್ತೇನೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ ದೂರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು. ಮುಂದಿನ ಸಾಲಿಗೆ ಒಂದು ಮೀಟರ್ ದೂರದಲ್ಲಿ ಲೈಟಿಟ್ಟರೆ, ಅದರ ಹಿಂದೆ ಇನ್ನೊಂದು ಮೀಟರ್ ದೂರ ನಿಂತವರಿಗೆ ಸಿಗುವುದು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಅಪ್ಪ ಕತ್ತಲಲ್ಲಿ, ಮಕ್ಕಳು ಬೆಳ್ಳಗೆ. ಅದೇ ಲೈಟನ್ನು ಮುಂದಿನ ಸಾಲಿನಿಂದ ಮೂರು ಮೀಟರ್ ದೂರಕ್ಕೆ ಒಯ್ದರೆ ಹಿಂದಿನ ಸಾಲು ನಾಲ್ಕು ಮೀಟರ್ ಆಗುತ್ತದೆ, ಅಲ್ಲಿಗೆ ಮುಂದಿನವರ ಬೆಳಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಮುಟ್ಟುತ್ತದೆ. ಸಾಲುಗಳನ್ನು ಒತ್ತಾಗಿ ಕೂರಿಸಿದರೆ ವ್ಯತ್ಯಾಸ ಇನ್ನೂ ಕಡಿಮೆ. ಲೈಟು ಹಿಂದಕ್ಕೆ ಹೋದಷ್ಟೂ ಅದು ಚಿಕ್ಕದಾಗಿ ಕಾಣುತ್ತದಲ್ಲ, ಅದಕ್ಕೇ ಮೊದಲೇ ದೊಡ್ಡ ಅಂಬ್ರೆಲಾ ಇರಬೇಕು ಅಂದಿದ್ದು. ಒಬ್ಬರದೇ ಫೋಟೋ ಆದರೆ ಒಂದು ಮೀಟರ್‌ಗೇ ತಂದು, ಒಂದು ಪಕ್ಕಕ್ಕೆ ಇಟ್ಟು ತೆಗೆಯುತ್ತೇನೆ. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಲಗೆ ಹಿಡಿದರೆ ನೆರಳು ತಿಳಿಯಾಗುತ್ತದೆ. ಅಲ್ಲಿ ಎರಡನೇ ಲೈಟಿನ ಕೆಲಸವನ್ನು ಆ ಹಲಗೆಯೇ ಮಾಡುತ್ತದೆ.

ಗುಂಪಿಗೆ ಲೈಟನ್ನು ತೀರಾ ಪಕ್ಕಕ್ಕೆ ಇಡುವುದಿಲ್ಲ. ಒಬ್ಬರ ತಲೆಯ ನೆರಳು ಇನ್ನೊಬ್ಬರ ಮುಖದ ಮೇಲೆ ಬೀಳುತ್ತದೆ. ಕ್ಯಾಮೆರಾದ ಹತ್ತಿರವೇ, ಸ್ವಲ್ಪ ಬದಿಗೆ, ಎಲ್ಲರ ತಲೆಗಿಂತ ಚೆನ್ನಾಗಿ ಎತ್ತರಕ್ಕೆ ಇಟ್ಟು, ತೀರಾ ದೂರದ ತುದಿಯಲ್ಲಿ ಕೂತವರ ಕಡೆ ಲೈಟಿನ ಮುಖ ತಿರುಗಿಸುತ್ತೇನೆ. ಎತ್ತರ ಇದ್ದರೆ ಕನ್ನಡಕದವರಿಗೂ ಒಳ್ಳೆಯದು. ಗಾಜಿಗೆ ಬಿದ್ದ ಬೆಳಕು ಬಿದ್ದ ಕೋನದಲ್ಲೇ ವಾಪಸ್ ಹೋಗುತ್ತದೆ, ಮೇಲಿನಿಂದ ಬಂದದ್ದು ಕೆಳಗೆ ಹೋಗುತ್ತದೆ, ಲೆನ್ಸಿಗೆ ಬರುವುದಿಲ್ಲ. ಆದರೂ ಹೊಳಪು ಉಳಿದರೆ ಗಲ್ಲವನ್ನು ಒಂದಿಷ್ಟು ತಗ್ಗಿಸಲು ಹೇಳಿದರೆ ಸಾಕು.

ಇದಕ್ಕೆಲ್ಲ ಸ್ಟ್ಯಾಂಡ್ ಎತ್ತರ ಇರಬೇಕು. ಕಿಟ್ಟುಗಳ ಜೊತೆ ಬರುವ ಎರಡು ಮೀಟರ್ ಸ್ಟ್ಯಾಂಡ್ ನಿಂತವರಿಗೆ ಸಾಲದು, ನಾನು ಎರಡೂವರೆ ಮೀಟರ್ ದಾಟುವುದನ್ನು ತೆಗೆದುಕೊಂಡೆ. ಮಕ್ಕಳು ಓಡಾಡುವ ಮನೆ, ಕಾಲಿಗೆ ಮರಳಿನ ಚೀಲ ಇಡದೆ ಲೈಟು ಮೇಲೇರಿಸುವುದೇ ಇಲ್ಲ. ಇದರಲ್ಲಿ ಮಾತ್ರ ಉಳಿತಾಯ ಬೇಡ.

ಸೆಟ್ಟಿಂಗ್ ಸುಲಭ: ಐಎಸ್‌ಒ 400, ಎಫ್/5.6, ಶಟರ್ 1/160 ಸೆಕೆಂಡ್. ಅನೇಕ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಮೊದಲು ಫ್ಲ್ಯಾಶ್ ಇಲ್ಲದೆ ಸುಮ್ನೆ ಒಂದು ಕ್ಲಿಕ್ ಮಾಡುತ್ತೇನೆ. ಚಿತ್ರ ಹೆಚ್ಚುಕಡಿಮೆ ಕಪ್ಪಾಗಿ ಬಂದರೆ ಕೋಣೆಯ ಬಲ್ಬಿನ ಹಳದಿ ಬಣ್ಣ ಮುಖಕ್ಕೆ ಸೇರುವುದಿಲ್ಲ ಅಂತ ಅರ್ಥ. ಆಮೇಲೆ ಫ್ಲ್ಯಾಶ್ ಹಚ್ಚಿ, ಅರ್ಧ ಪವರ್‌ನಿಂದ ಶುರು ಮಾಡಿ ಹೆಚ್ಚುಕಡಿಮೆ ಮಾಡುತ್ತೇನೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನೇ ಹಾಕಬೇಕು, ಮಾಮೂಲಿ ಸೆಲ್ಲಿಗಿಂತ ಬೇಗ ಫ್ಲ್ಯಾಶನ್ನು ಮತ್ತೆ ತಯಾರು ಮಾಡುತ್ತವೆ. ಗುಂಪಿನಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ, ಹಾಗಾಗಿ ಒಂದರ ಹಿಂದೊಂದು ತೆಗೆಯುತ್ತಲೇ ಇರಬೇಕು.

ಎರಡನೇ ಫ್ಲ್ಯಾಶ್ ಬೇಕು ಅನಿಸುವುದು ಕಪ್ಪು ಕೂದಲು ಗಾಢ ಬಣ್ಣದ ಹಿನ್ನೆಲೆಯಲ್ಲಿ ಬೆರೆತುಹೋದಾಗ. ಆಗ ಹಿಂದಿನ ಗೋಡೆಗೆ ಒಂದಿಷ್ಟು ಬೆಳಕು ಕೊಡಬೇಕಾಗುತ್ತದೆ. ಆ ದಿನಕ್ಕಾಗಿ, ಮೊದಲ ಖರೀದಿಯಲ್ಲೇ ಒಳಗೆ ರೇಡಿಯೋ ರಿಸೀವರ್ ಇರುವ ಫ್ಲ್ಯಾಶನ್ನೂ ಅದೇ ಕಂಪನಿಯ ಟ್ರಿಗರನ್ನೂ ತೆಗೆದುಕೊಂಡಿದ್ದರೆ ಮುಂದೆ ಇನ್ನೊಂದು ಫ್ಲ್ಯಾಶ್ ಮಾತ್ರ ಸೇರಿಸಿದರಾಯಿತು.